ಜರ್ಮನಿಯಲ್ಲಿ ಕಾಗದಪತ್ರ: ಗಡುವು ನಮಗೆ ಮಾತ್ರ ಯಾಕೆ?

ಕಳೆದ ತಿಂಗಳು ತಿಪಟೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಸ್ಟಟ್‌ಗಾರ್ಟ್ ಕಡೆ ಎಂ.ಎಸ್. ಸೀಟು ಸಿಕ್ಕಿದೆ. ಖುಷಿಯಲ್ಲಿದ್ದ. ಕೇಳಿದ್ದು ಎರಡೇ ಪ್ರಶ್ನೆ. "ಮಾವ, ನನ್ನ ಡಿಎಲ್ ಅಲ್ಲಿ ನಡೆಯುತ್ತಾ? ವೀಸಾ ಮುಗಿದ ಮೇಲೆ ಏನ್ ಮಾಡ್ಬೇಕು?"

ಎರಡಕ್ಕೂ ಹೌದು, ಇಲ್ಲ ಅಂತ ಹೇಳಿ ಮುಗಿಸುವ ಹಾಗಿಲ್ಲ. ನಾನು ಜರ್ಮನಿಗೆ ಬಂದು ಹನ್ನೊಂದು ವರ್ಷ ಆಯಿತು. ಈ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿಲ್ಲದೆ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಹೋದವರನ್ನು ನೋಡಿದ್ದೇನೆ. ಕೋರ್ಟಿನಿಂದ ಕಾಗದ ಬಂದವರನ್ನೂ ನೋಡಿದ್ದೇನೆ. ಅವರೆಲ್ಲ ಓದಿದವರು, ಯಾರಿಗೂ ಮೋಸ ಮಾಡಿದವರಲ್ಲ. ಆದರೆ ಇಲ್ಲಿನ ವ್ಯವಸ್ಥೆಯಲ್ಲಿ ಗಡುವು ನಮಗೆ ಮಾತ್ರ ಇದೆ. ಕಚೇರಿ ಎಷ್ಟು ದಿನ ತೆಗೆದುಕೊಂಡರೂ ನಮ್ಮ ದಿನಗಳ ಎಣಿಕೆ ನಿಲ್ಲುವುದಿಲ್ಲ. ಅದನ್ನು ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲದರ ಬುಡ ಮನೆಯ ವಿಳಾಸ. ಮನೆಗೆ ಹೋದ ಎರಡು ವಾರದೊಳಗೆ ಊರಿನ ನಾಗರಿಕರ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಇದಕ್ಕೆ 'ಆನ್‌ಮೆಲ್ಡುಂಗ್' ಅನ್ನುತ್ತಾರೆ. 2015ರ ನವೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ ಮನೆ ಓನರ್ ಸಹಿ ಮಾಡಿದ ಒಂದು ಚೀಟಿಯೂ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಹೊಸಬರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಬಂದ ಕೂಡಲೇ ಸಿಗುವುದು ತಿಂಗಳ ಲೆಕ್ಕದ ರೂಮು, ಇಲ್ಲವೇ ಯಾರೋ ಬಿಟ್ಟುಕೊಟ್ಟ ಒಂದು ಕೋಣೆ. ಅಂಥ ಕಡೆ ಎಷ್ಟೋ ಓನರ್‌ಗಳು ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ತೆರಿಗೆ ನಂಬರ್ ಬರುವುದಿಲ್ಲ, ಎಷ್ಟೋ ಬ್ಯಾಂಕ್‌ಗಳಲ್ಲಿ ಖಾತೆಯೂ ಕಷ್ಟ, ವಾಸದ ಪರವಾನಗಿಗೆ ಯಾವ ಕಚೇರಿಗೆ ಹೋಗಬೇಕು ಅನ್ನುವುದೂ ತೀರ್ಮಾನ ಆಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನನ್ನು ಎರಡು ತಿಂಗಳು ಕಾಡಿದ್ದು. ತೆರಿಗೆ ನಂಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ಹನ್ನೊಂದು ಅಂಕಿ, ಜೀವನಪೂರ್ತಿ ಅದೇ ನಂಬರ್. ನಾನು ನೋಂದಣಿ ಎಲ್ಲ ಸರಿಯಾಗಿ ಮಾಡಿಸಿ ಕಾಯುತ್ತಿದ್ದೆ. ಕಾಗದ ಬರಲೇ ಇಲ್ಲ. ಇಲ್ಲಿ ಕಟ್ಟಡದ ಕೆಳಗೆ ಲೆಟರ್‌ಬಾಕ್ಸ್‌ಗಳ ಸಾಲು ಇರುತ್ತದೆ. ಪ್ರತಿ ಬಾಕ್ಸ್ ಮೇಲೂ ಹೆಸರು. ನನ್ನ ಬಾಕ್ಸ್ ಮೇಲೆ ನನಗಿಂತ ಮುಂಚೆ ಇದ್ದವರ ಹೆಸರೇ ಇತ್ತು. ಬಾಕ್ಸ್ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ಕಾಗದವನ್ನು ವಾಪಸ್ ಕಳಿಸುತ್ತಾರೆ. ಫ್ಲ್ಯಾಟ್ ನಂಬರ್ ಅನ್ನುವ ಪದ್ಧತಿ ಇಲ್ಲಿ ಕಡಿಮೆ, ಹೆಸರೇ ವಿಳಾಸ. ತೆರಿಗೆ ನಂಬರ್ ಇಲ್ಲದ ಕಾರಣ ಸಂಬಳದಲ್ಲಿ 6ನೇ ವರ್ಗದ ತೆರಿಗೆ ಹಿಡಿದರು. ಅದು ಎಲ್ಲಕ್ಕಿಂತ ಜಾಸ್ತಿ ಹಿಡಿಯುವ ವರ್ಗ. ದುಡ್ಡು ಆಮೇಲೆ ವಾಪಸ್ ಬಂತು, ನಿಜ. ಆದರೆ ಊರಿಗೆ ಕಳಿಸಬೇಕಾಗಿದ್ದ ತಿಂಗಳಲ್ಲಿ ಕಳಿಸಲು ಆಗಲಿಲ್ಲ.

ಇನ್ನು ವಾಸದ ಪರವಾನಗಿ. ವಿದ್ಯಾರ್ಥಿಯಾಗಲಿ, ಬ್ಲೂ ಕಾರ್ಡ್ (ಪದವಿ ಓದಿ ಕೆಲಸಕ್ಕೆ ಬರುವವರ ಪರವಾನಗಿ) ಪಡೆಯುವವರಾಗಲಿ, ಹೆಚ್ಚಿನವರು ಕೆಲವು ತಿಂಗಳ ವೀಸಾದಲ್ಲಿ ಬಂದು, ಆಮೇಲೆ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಪರವಾನಗಿ ಪಡೆಯುತ್ತಾರೆ. 2011ರ ಸೆಪ್ಟೆಂಬರ್‌ನಿಂದ ಅದು ಪ್ಲಾಸ್ಟಿಕ್ ಕಾರ್ಡ್ ರೂಪದಲ್ಲಿ ಬರುತ್ತಿದೆ. ಕಾನೂನು ಇಡೀ ದೇಶಕ್ಕೆ ಒಂದೇ. ಆದರೆ ಅದನ್ನು ನಡೆಸುವುದು ಊರು, ಜಿಲ್ಲೆಗಳ ಐನೂರಕ್ಕೂ ಹೆಚ್ಚು ಕಚೇರಿಗಳು. ಒಂದೊಂದರ ಸಿಬ್ಬಂದಿ, ಕಂಪ್ಯೂಟರ್, ಫಾರಂ, ಅಪಾಯಿಂಟ್‌ಮೆಂಟ್ ಪದ್ಧತಿ ಬೇರೆ ಬೇರೆ. ಪಕ್ಕದ ಜಿಲ್ಲೆಯಲ್ಲಿ ಮೂರು ವಾರದಲ್ಲಿ ಆಗುವ ಕೆಲಸ ನಿಮ್ಮ ಊರಲ್ಲಿ ಐದು ತಿಂಗಳು ಹಿಡಿಯಬಹುದು. ವಾಟ್ಸಾಪ್ ಗುಂಪಿನಲ್ಲಿ "ನನಗೆ ಹೀಗೇ ಆಯ್ತು" ಅಂತ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದಿರಲು ಇದೇ ಕಾರಣ.

ಈ ಕಚೇರಿಗಳ ಮೇಲೆ ಹೊರೆ ಏರಿದ್ದು ಸುಳ್ಳಲ್ಲ. 2022ರ ನಂತರ ಉಕ್ರೇನ್‌ನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಅವರಿಗೂ ಇದೇ ಕಚೇರಿಗಳು ಕಾಗದ ಕೊಡಬೇಕಾಯಿತು. 2024ರ ಜೂನ್‌ನಲ್ಲಿ ಪೌರತ್ವದ ಕಾನೂನು ಸಡಿಲವಾಯಿತು, ಆ ಅರ್ಜಿಗಳೂ ಏರಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ ಸರ್ಕಾರದ ಮುಖ್ಯಸ್ಥರಾದ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದರು. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುವ ಮಾತು ಆಗ ಬಂತು. ನಮ್ಮ ಪತ್ರಿಕೆಗಳಲ್ಲೆಲ್ಲ ಅದು ದೊಡ್ಡ ಸುದ್ದಿ. ಕರೆಯುವುದು ಬರ್ಲಿನ್‌ನ ಸರ್ಕಾರ. ಬಂದವರ ಕಡತ ತೆರೆಯುವುದು ಯಾವುದೋ ಸಣ್ಣ ಊರಿನ ಎರಡನೇ ಮಹಡಿಯ ಕೋಣೆಯಲ್ಲಿ ಕೂತ ನಾಲ್ಕು ಜನ. ಆ ನಾಲ್ವರನ್ನು ಎಂಟು ಮಾಡದೆ ವೀಸಾ ಸಂಖ್ಯೆ ಮಾತ್ರ ಏರಿಸಿದರೆ ಸಾಲು ಉದ್ದವಾಗದೆ ಇನ್ನೇನಾಗುತ್ತದೆ?

ಹಾಗಾದರೆ ಅಪಾಯಿಂಟ್‌ಮೆಂಟ್ ಸಿಗುವ ಮುಂಚೆಯೇ ವೀಸಾ ಮುಗಿದರೆ? ಇದೇ ನನ್ನ ಅಳಿಯನ ಎರಡನೇ ಪ್ರಶ್ನೆ. ಉತ್ತರ ವಾಸದ ಕಾನೂನಿನ 81ನೇ ಕಲಮಿನಲ್ಲಿದೆ. ನಿಮ್ಮ ವೀಸಾ ಅಥವಾ ಕಾರ್ಡ್ ಮುಗಿಯುವ ಮುಂಚೆ ನೀವು ಅರ್ಜಿ ಕೊಟ್ಟಿದ್ದರೆ, ಕಚೇರಿ ತೀರ್ಮಾನ ಮಾಡುವವರೆಗೂ ಹಳೆಯ ಪರವಾನಗಿ ಮುಂದುವರಿದಿದೆ ಅಂತಲೇ ಕಾನೂನು ಲೆಕ್ಕಕ್ಕೆ ಹಿಡಿಯುತ್ತದೆ. ಇದನ್ನು ತೋರಿಸಲು ಒಂದು ಕಾಗದ ಕೊಡುತ್ತಾರೆ. ಅದರ ಜರ್ಮನ್ ಹೆಸರು ಉದ್ದ, ನಮ್ಮವರು ಸುಮ್ನೆ 'ಫಿಕ್ಷನ್' ಅಂತಾರೆ. ಅದರ ಒಳಗೆ ಮೂರು ಚೌಕಗಳಿವೆ. 81ರ ನಾಲ್ಕನೇ ಉಪಕಲಮಿನ ಚೌಕಕ್ಕೆ ಗುರುತು ಹಾಕಿದ್ದರೆ ಕೆಲಸ ಮಾಡಬಹುದು, ಊರಿಗೆ ಹೋಗಿ ವಾಪಸ್ ಬರಬಹುದು. ಮೂರನೇ ಉಪಕಲಮಿನ ಚೌಕವಾದರೆ ಇಲ್ಲಿ ಇರಬಹುದು ಅಷ್ಟೇ, ಹೊರಗೆ ಹೋದರೆ ಆ ಕಾಗದ ತೋರಿಸಿ ಒಳಗೆ ಬರಲು ಆಗುವುದಿಲ್ಲ. ಆ ಒಂದು ಗುರುತಿನ ಮೇಲೆ ಎಲ್ಲ ನಿಂತಿದೆ. ಕೈಗೆ ಬಂದ ತಕ್ಷಣ ನೋಡಿಕೊಳ್ಳಿ, ತಪ್ಪಿದ್ದರೆ ಅಲ್ಲೇ ಹೇಳಿ.

ಇಲ್ಲಿ 'ಮುಗಿಯುವ ಮುಂಚೆ' ಅನ್ನುವ ಮಾತು ತುಂಬ ಮುಖ್ಯ. ಒಂದು ದಿನ ತಡವಾದರೂ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಆಮೇಲೆ ಅಧಿಕಾರಿ ಮನಸ್ಸು ಮಾಡಿದರೆ ಮಾತ್ರ. ಇನ್ನೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ಅಪಾಯಿಂಟ್‌ಮೆಂಟ್ ಬುಕ್ ಮಾಡಿದ್ದೇ ಅರ್ಜಿ ಕೊಟ್ಟ ಹಾಗೆ ಅಂದುಕೊಳ್ಳುತ್ತಾರೆ. ಎಲ್ಲ ಕಚೇರಿಗಳೂ ಅದನ್ನು ಒಪ್ಪುವುದಿಲ್ಲ. ಅಪಾಯಿಂಟ್‌ಮೆಂಟ್ ಇರಲಿ, ಇಲ್ಲದಿರಲಿ, "ನನ್ನ ಪರವಾನಗಿಯ ಅವಧಿ ವಿಸ್ತರಿಸಬೇಕೆಂದು ಅರ್ಜಿ ಸಲ್ಲಿಸುತ್ತಿದ್ದೇನೆ" ಅಂತ ಜರ್ಮನ್‌ನಲ್ಲಿ ಎರಡು ಸಾಲು ಬರೆದು, ಪಾಸ್‌ಪೋರ್ಟ್ ಮತ್ತು ಕಾರ್ಡ್ ಪ್ರತಿ ಇಟ್ಟು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಆನ್‌ಲೈನ್ ಫಾರಂ ಇದ್ದರೆ ಅದನ್ನೂ ತುಂಬಿ, ಕೊನೆಗೆ ಬರುವ ರಸೀದಿ ಪುಟವನ್ನು ತಾರೀಖು ಕಾಣುವ ಹಾಗೆ ಉಳಿಸಿಟ್ಟುಕೊಳ್ಳಿ. ಮುಂದೆ ಜಗಳ ಬಂದರೆ ನಿಮ್ಮ ಕೈ ಹಿಡಿಯುವುದು ಆ ತಾರೀಖು.

ನನ್ನದೇ ಒಂದು ಅನುಭವ. ನಾಲ್ಕು ವರ್ಷದ ಹಿಂದೆ ಕಾರ್ಡ್ ಮುಗಿಯಲು ಹತ್ತು ವಾರ ಇರುವಾಗಲೇ ಅರ್ಜಿ ಹಾಕಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಹುಷಾರು ತಪ್ಪಿತು. ಕಚೇರಿಗೆ ಮೂರು ಮೇಲ್ ಹಾಕಿದ ಮೇಲೆ ಫಿಕ್ಷನ್ ಸಿಕ್ಕಿತು, ಹೊರಟೆ. ವಾಪಸ್ ಬರುವಾಗ ಬೆಂಗಳೂರು ವಿಮಾನ ನಿಲ್ದಾಣದ ಕೌಂಟರ್‌ನಲ್ಲಿದ್ದ ಹುಡುಗಿ ಆ ಹಸಿರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಸರ್, ಇದು ವೀಸಾ ಅಲ್ಲ, ಕಾರ್ಡ್ ಡೇಟ್ ಮುಗಿದಿದೆ" ಅಂದಳು. ಅವಳ ತಪ್ಪೇನಿಲ್ಲ, ಅಂಥ ಕಾಗದ ಅವಳು ದಿನಾ ನೋಡುವಂಥದ್ದಲ್ಲ. ಯಾರಿಗೋ ಫೋನ್, ಇನ್ಯಾರಿಗೋ ಫೋಟೋ. ನಲವತ್ತು ನಿಮಿಷ. ಹಿಂದೆ ಸಾಲಿನಲ್ಲಿದ್ದವರೆಲ್ಲ ಮುಂದೆ ಹೋದರು. ಕೊನೆಗೆ ಬಿಟ್ಟರು. ಅಂದಿನಿಂದ ಯಾರು ಕೇಳಿದರೂ ಹೇಳುತ್ತೇನೆ: ಫಿಕ್ಷನ್ ಇಟ್ಟುಕೊಂಡು ಹೋಗುವುದಾದರೆ ಮುಗಿದ ಕಾರ್ಡನ್ನೂ ಜೊತೆಗೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್‌ಗೆ ನೇರ ವಿಮಾನ ಇದೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದರಲ್ಲೇ ಬನ್ನಿ. ಮಧ್ಯೆ ಇನ್ನೊಂದು ದೇಶದ ಅಧಿಕಾರಿಗೆ ಈ ಕಾಗದ ಏನು ಅಂತ ವಿವರಿಸುವ ಕಷ್ಟ ಬೇಡ.

ಕಚೇರಿ ಉತ್ತರವನ್ನೇ ಕೊಡದಿದ್ದರೆ ಏನು ಮಾಡಬೇಕು ಅನ್ನುವುದೂ ಗೊತ್ತಿರಲಿ. ಅರ್ಜಿ ಪೂರ್ತಿಯಾಗಿ ಕೊಟ್ಟು ಮೂರು ತಿಂಗಳಾದರೂ ಸರಿಯಾದ ಕಾರಣ ಇಲ್ಲದೆ ತೀರ್ಮಾನ ಮಾಡದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮವರು ಇದಕ್ಕೆ ಹೆದರುತ್ತಾರೆ. "ಸಾಹೇಬರಿಗೆ ಕೋಪ ಬಂದರೆ ಕಾರ್ಡೇ ಕೊಡದಿದ್ದರೆ?" ಅಂತ. ಊರಿನ ತಾಲ್ಲೂಕು ಕಚೇರಿ ನೋಡಿ ಬೆಳೆದ ಮನಸ್ಸು, ಆ ಹೆದರಿಕೆ ನನಗೂ ಇತ್ತು. ಇಲ್ಲಿ ಹಾಗಾಗಿದ್ದು ನಾನು ನೋಡಿಲ್ಲ. ವಕೀಲರ ಒಂದು ಕಾಗದ ಹೋದ ಮೇಲೆ ಎರಡು ವಾರದಲ್ಲಿ ಕಡತ ಕದಲಿದ್ದು ನೋಡಿದ್ದೇನೆ. ಆದರೆ ವಕೀಲರಿಗೆ ಕೊಡಲು ದುಡ್ಡಿಲ್ಲದ ವಿದ್ಯಾರ್ಥಿ ಏನು ಮಾಡಬೇಕು? ಮೂರು ತಿಂಗಳ ಮಾತು ಕಾನೂನಿನಲ್ಲಿದೆ ಅಂದರೆ ಅದನ್ನು ಪಾಲಿಸಲು ಬೇಕಾದಷ್ಟು ಜನರನ್ನು ಕೂರಿಸುವುದು ಸರ್ಕಾರದ ಕೆಲಸ. ಕೋರ್ಟಿಗೆ ಹೋದವರಿಗೆ ಬೇಗ, ಸುಮ್ಮನೆ ಕಾದವರಿಗೆ ತಡ ಅನ್ನುವುದು ನ್ಯಾಯ ಅಲ್ಲ.

ಈಗ ಡಿಎಲ್. ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳು ನಡೆಯುತ್ತದೆ. ಆರು ತಿಂಗಳ ಲೆಕ್ಕ ನೀವು ಇಲ್ಲಿ ನೆಲೆಸಿದ ದಿನದಿಂದ ಶುರು. ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಮೇಲೆ ಒಂದು ವರ್ಷ ಅಂತ ಬರೆದಿದ್ದರೂ ಈ ಆರು ತಿಂಗಳು ಹಿಗ್ಗುವುದಿಲ್ಲ, ಅದು ಬರೀ ಅನುವಾದದ ಹಾಗೆ. ಒಂದು ವರ್ಷಕ್ಕಿಂತ ಜಾಸ್ತಿ ಇರುವುದಿಲ್ಲ ಅಂತ ಸಾಬೀತು ಮಾಡಿದರೆ ಮಾತ್ರ ಅವಧಿ ವಿಸ್ತರಿಸಬಹುದು. ಎರಡು ವರ್ಷದ ಕೋರ್ಸಿಗೆ ಬರುವವರಿಗೆ ಆ ದಾರಿ ಇಲ್ಲ.

ಆರು ತಿಂಗಳು ಕಳೆದ ಮೇಲೆ ಕಾರು ಓಡಿಸಿದರೆ ಅದು ಸಣ್ಣ ದಂಡದ ವಿಷಯ ಅಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು ಅಂತ ಕಾನೂನು ಹೇಳುತ್ತದೆ. ಅಪಘಾತ ಆದರೆ ವಿಮೆಯವರು ಪೆಟ್ಟಾದವರಿಗೆ ಕೊಟ್ಟು, ನಿಮ್ಮಿಂದ 5,000 ಯೂರೋವರೆಗೆ ವಸೂಲಿ ಮಾಡಬಹುದು. ಇದಕ್ಕಿಂತ ದೊಡ್ಡದು ಇನ್ನೊಂದು. ಆ ಶಿಕ್ಷೆ ದಾಖಲೆಯಲ್ಲಿ ಕೂರುತ್ತದೆ. ಮುಂದೆ ಪಿಆರ್‌ಗೆ (ಕಾಯಂ ವಾಸದ ಪರವಾನಗಿಗೆ), ಪೌರತ್ವಕ್ಕೆ ಅರ್ಜಿ ಹಾಕುವಾಗ ಅದೇ ದಾಖಲೆಯನ್ನು ತೆಗೆದು ನೋಡುತ್ತಾರೆ. ಹತ್ತು ವರ್ಷ ಮೈಸೂರು ರಸ್ತೆಯಲ್ಲಿ ಕಾರು ಓಡಿಸಿದವನಿಗೆ "ನನಗೆ ಲೈಸೆನ್ಸ್ ಇದೆಯಲ್ಲ" ಅಂತಲೇ ಅನಿಸುತ್ತದೆ. ಪರ್ಸಿನಲ್ಲಿ ಕಾರ್ಡ್ ಇದೆ, ಅದರ ಮೇಲೆ 2035ರವರೆಗೆ ಅಂತ ಇದೆ. ಆದರೆ ಇಲ್ಲಿ ಆ ಕಾರ್ಡಿಗೆ ಬೆಲೆ ಮುಗಿದಿರುತ್ತದೆ.

ಓಡಿಸುವ ಹಕ್ಕು ಆರು ತಿಂಗಳಿಗೆ ಹೋಗುತ್ತದೆ, ಆದರೆ ಲೈಸೆನ್ಸ್ ಬದಲಾಯಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಮೊದಲಿನಿಂದ ಡ್ರೈವಿಂಗ್ ಸ್ಕೂಲಿಗೆ ಸೇರಿ 3,000 ಯೂರೋ ಹತ್ತಿರ ಸುರಿಯುತ್ತಾರೆ. ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ, ಸಿಂಗಪುರದಂಥ ದೇಶಗಳ ಪಟ್ಟಿ ಒಂದಿದೆ. ಅವರ ಕಾರ್ ಲೈಸೆನ್ಸಿಗೆ ಪರೀಕ್ಷೆ ಇಲ್ಲದೆ ಜರ್ಮನ್ ಲೈಸೆನ್ಸ್ ಸಿಗುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಮಗೆ ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡೂ ಇದೆ. ಆದರೆ ಕಡ್ಡಾಯ ತರಗತಿಗಳು ಇಲ್ಲ. ಪರೀಕ್ಷೆಗೆ ಸ್ಕೂಲಿನ ಕಾರು, ಮೇಷ್ಟ್ರು ಬೇಕು, ಅಭ್ಯಾಸಕ್ಕೆ ನಾಲ್ಕಾರು ಗಂಟೆ ಬೇಕು. ಅಷ್ಟಕ್ಕೇ ಸಾವಿರ ಯೂರೋ ದಾಟುವುದು ಸಾಮಾನ್ಯ. ಜೊತೆಗೆ ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ, ನಮ್ಮ ಲೈಸೆನ್ಸಿನ ಅನುವಾದ. ಬರಹದ ಪರೀಕ್ಷೆ ಇಂಗ್ಲಿಷ್‌ನಲ್ಲಿ ಬರೆಯಬಹುದು. ರಸ್ತೆಯ ಪರೀಕ್ಷೆ ಜರ್ಮನ್‌ನಲ್ಲೇ.

ರಜೆಗೆ ಊರಿಗೆ ಹೋದಾಗ ಎಲ್‌ಎಲ್‌ಆರ್ ಮಾಡಿಸಿ ಡಿಎಲ್ ತೆಗೆದುಕೊಂಡು ಬಂದರೆ ಆಯ್ತಲ್ಲ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಇಲ್ಲಿ ನೆಲೆಸಿದ ಮೇಲೆ ಬೇರೆ ಕಡೆ ಪಡೆದ ಲೈಸೆನ್ಸನ್ನು ಒಪ್ಪುವುದಿಲ್ಲ. ಪಡೆಯುವುದಿದ್ದರೆ ಹೊರಡುವ ಮುಂಚೆ ಪಡೆಯಿರಿ.

ಪರೀಕ್ಷೆ ಬೇಕು ಅನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ನಾನು ಮೊದಲ ಸಲ ಫೇಲ್ ಆದವನು. ಬಲಕ್ಕೆ ತಿರುಗುವಾಗ ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಆದರೆ ಕತ್ತು ತಿರುಗಿಸಿ ಭುಜದ ಹಿಂದೆ ನೋಡಲಿಲ್ಲ. ಮೇಷ್ಟ್ರು ಬ್ರೇಕ್ ಒತ್ತಿದರು. ಪಕ್ಕದ ಸೈಕಲ್ ದಾರಿಯಲ್ಲಿ ಒಬ್ಬ ಹುಡುಗ ನೇರ ಬರುತ್ತಿದ್ದ, ಬೆನ್ನಿಗೆ ಸ್ಕೂಲ್ ಬ್ಯಾಗ್. ಅವನು ನನಗೆ ಕಂಡಿರಲೇ ಇಲ್ಲ. ಅಂದು ಫೇಲ್ ಮಾಡಿದ್ದು ಸರಿ. ಚಿಕ್ಕ ಬೀದಿಗಳಲ್ಲಿ ಬೋರ್ಡ್ ಇಲ್ಲದಿದ್ದರೆ ಬಲಗಡೆಯಿಂದ ಬಂದವರಿಗೆ ಮೊದಲ ದಾರಿ ಅನ್ನುವ ನಿಯಮ ಕೂಡ ನಮ್ಮ ಕೈಕಾಲಿಗೆ ರೂಢಿ ಆಗಬೇಕಾದರೆ ವಾರಗಳು ಬೇಕು.

ನನ್ನ ತಕರಾರು ಗಡುವಿನ ಬಗ್ಗೆ. ನಾನು ಅರ್ಜಿ ಕೊಟ್ಟದ್ದು ಮೂರನೇ ತಿಂಗಳಲ್ಲಿ. ಲೈಸೆನ್ಸ್ ಕಚೇರಿ ಅದನ್ನು ನೋಡಿ, ಪರೀಕ್ಷೆ ನಡೆಸುವ ಸಂಸ್ಥೆಗೆ ಕಳಿಸುವ ಹೊತ್ತಿಗೆ ಆರು ತಿಂಗಳು ಮುಗಿದಿತ್ತು. ವಾಸದ ಪರವಾನಗಿಗೆ ಇರುವಂಥ ಫಿಕ್ಷನ್ ಲೈಸೆನ್ಸಿಗೆ ಇಲ್ಲ. ಒಂದೇ ದೇಶ, ಒಂದೇ ಥರದ ತಡ. ಒಂದು ಕಡೆ "ನೀವು ಸಮಯಕ್ಕೆ ಕೊಟ್ಟಿದ್ದೀರಿ, ಹಾಗಾಗಿ ಮುಂದುವರಿಯಿರಿ" ಅನ್ನುತ್ತಾರೆ, ಇನ್ನೊಂದು ಕಡೆ ಅಪರಾಧಿ ಅನ್ನುತ್ತಾರೆ. ಸಮಯಕ್ಕೆ ಅರ್ಜಿ ಕೊಟ್ಟವರಿಗೆ ಪರೀಕ್ಷೆಯ ದಿನದವರೆಗೆ ಅವಕಾಶ ಕೊಟ್ಟರೆ ರಸ್ತೆಗೆ ಹೊಸ ಅಪಾಯ ಏನೂ ಇಲ್ಲ, ಅವರು ಅದೇ ಲೈಸೆನ್ಸಿನಲ್ಲಿ ಆರು ತಿಂಗಳು ಓಡಿಸಿರುತ್ತಾರಲ್ವಾ? 2022ರ ಡಿಸೆಂಬರ್‌ನಲ್ಲಿ ಎರಡೂ ದೇಶ ವಲಸೆಯ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ಮಾತುಕತೆಯಲ್ಲಿ ನಮ್ಮ ಸರ್ಕಾರ ಈ ಒಂದು ಸಣ್ಣ ವಿಷಯವನ್ನಾದರೂ ಎತ್ತಬೇಕು. ಪಾಳಿ ಕೆಲಸದಲ್ಲಿ, ಬಸ್ ಇಲ್ಲದ ಊರಿನ ಕಾರ್ಖಾನೆಗಳಲ್ಲಿ ಇರುವವರಿಗೆ ಇದು ಅನ್ನದ ಪ್ರಶ್ನೆ.

ವೃತ್ತಿಯ ಲೈಸೆನ್ಸಿನ ಕಥೆ ಬೇರೆಯೇ ಲೇಖನಕ್ಕೆ ಆಗುವಷ್ಟಿದೆ. ಮಂಗಳೂರು ಕಡೆಯಿಂದ ಬರುವ ನರ್ಸ್‌ಗಳಿಗೆ ಒಂದು ಮಾತು ಮಾತ್ರ: ಪದವಿಗೆ ಮಾನ್ಯತೆ ಕೊಡುವುದು ಇಲ್ಲಿನ 16 ರಾಜ್ಯಗಳ ಕೈಯಲ್ಲಿದೆ. ಯಾವ ವಿಷಯವನ್ನು ಎಷ್ಟು ಗಂಟೆ ಓದಿದಿರಿ ಅನ್ನುವ ಪಟ್ಟಿಯನ್ನು ಕಾಲೇಜಿನಿಂದ ಸಹಿ, ಸೀಲು ಹಾಕಿಸಿ ತನ್ನಿ. ಇಲ್ಲಿಂದ ಅದನ್ನು ತರಿಸಿಕೊಳ್ಳುವುದು ತುಂಬ ಕಷ್ಟ.

ಕನ್ನಡಿಗರಿಗೇ ವಿಶೇಷವಾಗಿ ಕಾಡುವ ತೊಂದರೆ ಒಂದಿದೆ. ಅದು ಹೆಸರು. ಎಚ್. ಎಸ್. ರಮೇಶ ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಎಚ್ ಅಂದರೆ ಹೊನ್ನವಳ್ಳಿ, ಎಸ್ ಅಂದರೆ ಅಪ್ಪ ಶಿವಣ್ಣ. ಮಾರ್ಕ್ಸ್ ಕಾರ್ಡಿನಲ್ಲಿ 'ರಮೇಶ ಎಚ್ ಎಸ್'. ಡಿಎಲ್‌ನಲ್ಲಿ 'ರಮೇಶ ಎಸ್'. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಮನೆತನದ ಹೆಸರಿನ ಜಾಗದಲ್ಲಿ 'ಹೊನ್ನವಳ್ಳಿ ಶಿವಣ್ಣ'. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಇಲ್ಲಿನ ಗುಮಾಸ್ತರ ಮುಂದೆ ಮೂರು ಕಾಗದ ಇಟ್ಟರೆ ಅವರಿಗೆ ಕಾಣುವುದು ಮೂವರು. ಅವರ ಕಂಪ್ಯೂಟರ್‌ನಲ್ಲಿ ಮನೆತನದ ಹೆಸರು ಅನ್ನುವ ಖಾನೆ ಖಾಲಿ ಬಿಡುವ ಹಾಗಿಲ್ಲ. ಅಪ್ಪನ ಹೆಸರಿನಿಂದ ಕರೆದರೆ ತಿರುಗಿ ನೋಡುವುದನ್ನು ರಮೇಶ ಕಲಿಯುತ್ತಾನೆ. ಆದರೆ ಲೈಸೆನ್ಸ್ ಬದಲಾಯಿಸುವಾಗ "ಈ ರಮೇಶ ಎಸ್ ನೀವೇ ಅನ್ನುವುದಕ್ಕೆ ಏನು ಆಧಾರ?" ಅಂತ ಕೇಳಿದರೆ ತೋರಿಸಲು ಕಾಗದ ಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರೇ ಬರೆಸದ, ಬರೀ 'ಗಂಡು ಮಗು' ಅಂತ ಇರುವವರ ಕಷ್ಟ ಇನ್ನೂ ಜಾಸ್ತಿ. ಮದುವೆ, ಇಲ್ಲಿ ಹುಟ್ಟುವ ಮಗುವಿನ ನೋಂದಣಿ, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ನಮ್ಮ ದಾಖಲೆ ಬೇರೆ ದೇಶದಲ್ಲಿ ನಡೆಯಲಿ ಅಂತ ಹಾಕಿಸುವ ಅಪೊಸ್ಟೈಲ್ ಮುದ್ರೆ ಇದ್ದರೆ ಮುಗಿಯಿತು ಅಂದುಕೊಳ್ಳಬೇಡಿ. ಆ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ಇಲ್ಲಿನ ಕಚೇರಿಗಳು ನಮ್ಮ ದಾಖಲೆಗಳನ್ನು ನಮ್ಮ ಊರಿನಲ್ಲೇ ವಿಚಾರಿಸಿ ಪರಿಶೀಲಿಸುವ ದಾರಿ ಹಿಡಿದವು. ಅದಕ್ಕೆ ತಿಂಗಳುಗಳು ಬೇಕು, ಖರ್ಚು ನಮ್ಮದೇ.

ನಮ್ಮ ಬೆಂಗಳೂರಿನಲ್ಲೂ ಪರದೇಶದವರು ಇದೇ ಥರ ಅಲೆಯುತ್ತಾರೆ. 180 ದಿನಕ್ಕಿಂತ ಉದ್ದದ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಾಯಿಸಬೇಕು. ಅವರಿಗೆ ಮನೆ ಕೊಟ್ಟವರು ಅವರ ವಿವರ ಕೊಡುವ ಒಂದು ಫಾರಂ ತುಂಬಬೇಕು. ಆ ಒಂದು ಫಾರಂ ರಗಳೆ ಬೇಡ ಅಂತ ಮನೆಯನ್ನೇ ಕೊಡದ ಓನರ್‌ಗಳು ನನ್ನ ನೆಂಟರಲ್ಲೇ ಇದ್ದಾರೆ. ಇಲ್ಲಿಗೆ ಬಂದು ಒಂದು ಸಹಿಗಾಗಿ ನಾನೇ ಓನರ್‌ನ ಬಾಗಿಲು ತಟ್ಟಿದ ಮೇಲೆ ಅವರಿಗೆ ಫೋನ್ ಮಾಡಿ, ಬರುವ ಹುಡುಗರಿಗೆ ಆ ಫಾರಂ ತುಂಬಿ ಕೊಡಿ ಅಂತ ಕೇಳಿಕೊಂಡಿದ್ದೇನೆ.

ಅಕ್ಕನ ಮಗ ಸೆಪ್ಟೆಂಬರ್‌ನಲ್ಲಿ ಬರುತ್ತಾನೆ. ಡಿಎಲ್‌ನಲ್ಲಿ ಹೆಸರನ್ನು ಪಾಸ್‌ಪೋರ್ಟಿನ ಹಾಗೇ ತಿದ್ದಿಸಲು ತಿಪಟೂರಿನ ಆರ್‌ಟಿಒಗೆ ಅರ್ಜಿ ಕೊಟ್ಟಿದ್ದಾನೆ. ಜನನ ಪ್ರಮಾಣಪತ್ರಕ್ಕೆ ಅಕ್ಕ ನಗರಸಭೆಗೆ ಎರಡು ಸಲ ಹೋಗಿ ಬಂದಿದ್ದಾಳೆ. ರೂಮು ಕೊಡುವವರ ಹತ್ತಿರ ನೋಂದಣಿ ಚೀಟಿಗೆ ಸಹಿ ಮಾಡುತ್ತೀರಾ ಅಂತ ಮೇಲ್‌ನಲ್ಲಿ ಕೇಳು, ಹೂಂ ಅಂದ ಮೇಲೆ ಮುಂಗಡ ಕೊಡು ಅಂದಿದ್ದೇನೆ. ಬಂದ ವಾರವೇ ಅವನ ವೀಸಾ ಮುಗಿಯುವ ದಿನವನ್ನು ಇಬ್ಬರ ಫೋನಿನಲ್ಲೂ ಹಾಕಿ, ಅದಕ್ಕೆ ಹತ್ತು ವಾರ ಮುಂಚೆ ಇನ್ನೊಂದು ಗುರುತು ಹಾಕುತ್ತೇವೆ. ಅವನ ಲೆಟರ್‌ಬಾಕ್ಸ್‌ಗೆ ಅಂಟಿಸುವ ಹೆಸರಿನ ಚೀಟಿಯನ್ನು ಈಗಲೇ ಪ್ರಿಂಟ್ ಮಾಡಿ ಇಟ್ಟಿದ್ದೇನೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ.